ಯುದ್ಧ ಮುಗಿದ ಮೇಲೆ ಬುಲ್‌ಡೋಜರ್ ಯಾರಿಗೆ?

(ಹರಿಹರದ ರೈತರ ಸಭೆಯಲ್ಲಿ ಆಡಿದ ಮಾತು)



ಮಲೇಬೆನ್ನೂರು ಕಡೆಯಿಂದ ಬಂದವರಿಗೆ ನಾನು ದಾರಿಯ ಕಷ್ಟ ಹೇಳಬೇಕಾಗಿಲ್ಲ. ಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೀತೀರಿ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಲಾರಿ ಕೆಸರಲ್ಲಿ ಹೂತುಕೊಳ್ಳುತ್ತೆ. ಆಮೇಲೆ ದಾವಣಗೆರೆ ಮಾರುಕಟ್ಟೆಯ ರೇಟು ಎಷ್ಟಿದ್ದರೇನು? ಬದುವಿಗೆ ಬಂದ ದಲ್ಲಾಳಿ ಹೇಳಿದ್ದೇ ರೇಟು. ಕೆಟ್ಟ ದಾರಿ ಅಂದರೆ ಚೀಲ ಚೀಲಕ್ಕೂ ಕಟ್ಟುವ ಬಡ್ಡಿ ಅಂತ ತಿಳೀರಿ.

ಅದಕ್ಕೇ ಇವತ್ತು ಒಂದು ಹಳೇ ಲೆಕ್ಕ ತೆಗೀತೀನಿ. ಯುದ್ಧಕ್ಕೆಂದು ಸರಕಾರಗಳು ಬುಲ್‌ಡೋಜರು, ರೋಲರು, ಲಾರಿ ಕೊಳ್ಳುತ್ತವೆ. ದುಡ್ಡು ಪ್ರಜೆಗಳದು. ಯುದ್ಧ ಮುಗಿದ ಮೇಲೆ ಅವು ಯಾರ ಕೈಗೆ ಹೋಗಬೇಕು?

ಮೊದಲನೇ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ರಸ್ತೆ ಇಲಾಖೆ ಇದ್ದದ್ದು ಕೃಷಿ ಖಾತೆಯೊಳಗೆ. ನಮ್ಮಲ್ಲಿ ಹಾಗಿದ್ದರೆ ಹೇಗಿರ್ತಿತ್ತೋ! 1919ರಲ್ಲಿ ಅಲ್ಲಿಯ ಶಾಸನಸಭೆ, ಸೈನ್ಯದಲ್ಲಿ ಮಿಕ್ಕ ಲಾರಿ, ಯಂತ್ರಗಳನ್ನು ಆ ಖಾತೆಯ ಮೂಲಕ ರಾಜ್ಯಗಳ ರಸ್ತೆ ಇಲಾಖೆಗಳಿಗೆ ಹಂಚಿತು. ರಾಜ್ಯಗಳು ಕೊಡಬೇಕಾದದ್ದು ಸಾಗಣೆ ಖರ್ಚು. ಎರಡನೇ ಯುದ್ಧಕ್ಕೆ ಮಾತು ಬದಲಾಯಿತು. 1944ರ ಕಾನೂನಿನಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಆದ್ಯತೆಯೇನೋ ಇತ್ತು, ಆದರೆ ಬೆಲೆ ತೆತ್ತು ಕೊಳ್ಳಬೇಕಿತ್ತು.

ನಮ್ಮ ದೇಶದಲ್ಲಿ? 1946ರ ಮೇ ತಿಂಗಳ ಒಪ್ಪಂದದಂತೆ ಅಮೆರಿಕದ ಸೈನ್ಯ ಇಲ್ಲಿ ಬಿಟ್ಟ ಸಾಮಾನು ಭಾರತ ಸರಕಾರಕ್ಕೆ ಬಂತು. ಅಂಥ ಹಳೇ ಟ್ರ್ಯಾಕ್ಟರುಗಳಿಂದಲೇ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆ ಶುರುವಾದದ್ದು. ಮಧ್ಯ ಭಾರತದ ಹೊಲಗಳಲ್ಲಿ ಆಳಕ್ಕೆ ಬೇರುಬಿಟ್ಟ ಕಾನ್ಸ್ ಹುಲ್ಲು ಕೀಳೋದು ಅದರ ಕೆಲಸ. ಯಂತ್ರಗಳು ಮೊದಲೇ ದುಡಿದು ಸವೆದವು. 1949ರಲ್ಲಿ ಹೊಸ ಟ್ರ್ಯಾಕ್ಟರಿಗಾಗಿ ವಿಶ್ವಬ್ಯಾಂಕಿನಿಂದ 1 ಕೋಟಿ ಡಾಲರ್ ಸಾಲ ತಂದರು. ಹಲ್ಲು ನೋಡದೆ ಎತ್ತಿನ ಹಗ್ಗ ಹಿಡಿದರೆ ಸಾಲ ಎಲ್ಲಿಗೆ ಮುಟ್ಟುತ್ತೆ ಅಂತ ನಿಮಗೆ ಗೊತ್ತು.

ಹಂಗಂತ ಹಳೇ ಯಂತ್ರವೇ ಬೇಡ ಅನ್ನೋ ಪೈಕಿ ನಾನಲ್ಲ. ಅದೇ ಯುದ್ಧದ ನಡುವೆ, 1941ರಲ್ಲಿ, ಈ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. ದೇಶಕ್ಕೆ ಲೇತ್ ಮಾಡಿಕೊಟ್ಟ ಊರು ಇದು. ಕಾರ್ಖಾನೆ ಮುಚ್ಚಿತು, ಕಸುಬು ಮುಚ್ಚಿಲ್ಲ. ಪಿನ್ನು, ಬುಷ್ಷು ಲೇತಿನಲ್ಲಿ ಕಡೆದು ಕೊಡೋದು ಇಲ್ಲಿಯವರಿಗೆ ದೊಡ್ಡದಲ್ಲ. ಇಂಜಿನ್ನಿನ ಮಾತು ಬೇರೆ.

ಈಗ ಸೈನ್ಯ ಬೇಡವೆಂದ ಸಾಮಾನು ಎಂ.ಎಸ್.ಟಿ.ಸಿ. ಮೂಲಕ ಹರಾಜಾಗುತ್ತೆ, ಕಂಪ್ಯೂಟರಿನಲ್ಲೇ. ಹೆಚ್ಚು ಕೂಗಿದವನಿಗೆ ಮಾಲು. ಗುಜರಿ ವ್ಯಾಪಾರಿ ಎದುರು ನಿಮ್ಮ ಪಂಚಾಯ್ತಿ ಏನು ಕೂಗೀತು? ಅದು ಗಂಟೆ ಲೆಕ್ಕದಲ್ಲಿ ಜೆಸಿಬಿ ಬಾಡಿಗೆ ಕಟ್ಟುತ್ತಾ ಕೂತಿರುತ್ತೆ.

ನಾವು ಕೇಳೋದು ಇಷ್ಟು. ಹರಾಜಿಗೆ ಮೊದಲು ಜಿಲ್ಲಾ ಪಂಚಾಯ್ತಿಗೆ ಒಂದು ಕಾಗದ ಬರಲಿ. ಸಾಗಣೆ ಖರ್ಚಿಗೆ ಯಂತ್ರ ಕೊಡಲಿ, ಬಿಡಿಭಾಗ ಸಮೇತ. ನಮ್ಮ ಕಡೆಯ ಎಂಜಿನಿಯರ್ ಹೋಗಿ ನೋಡಿ, ಚೈನು ಸವೆದಿದ್ದರೆ ಬೇಡ ಅನ್ನೋ ಹಕ್ಕೂ ಇರಲಿ. ತಾಲ್ಲೂಕಿಗೆ ಒಂದು ಸಾಕು. ಡೀಸೆಲ್ಲು, ಡ್ರೈವರ್ ಸಂಬಳ ಮೊದಲೇ ಬಜೆಟ್ಟಿನಲ್ಲಿ ಬರೀರಿ, ಸಾಲ ಮಾಡಿ ಮಾತ್ರ ತರಬೇಡಿ.

ಮುಂದಿನ ಗ್ರಾಮಸಭೆಯಲ್ಲಿ, ಕಳೆದ ವರ್ಷ ಜೆಸಿಬಿ ಬಾಡಿಗೆ ಎಷ್ಟಾಯ್ತು ಅಂತ ಬಿಲ್ಲು ಕೇಳಿ. ಬರೆದುಕೊಂಡು ಬನ್ನಿ, ತಾಲ್ಲೂಕಿನ ಲೆಕ್ಕ ಕೂಡೋಣ.