‘ವೆಡ್ಸ್’ ಎಂದರೆ ಒತ್ತೆ



ಕುಮಾರಪಟ್ಟಣ, ರಾಣೆಬೆನ್ನೂರು, ಬ್ಯಾಡಗಿ ಎಲ್ಲಿಯೇ ಆಗಲಿ, ಕಲ್ಯಾಣ ಮಂಟಪದ ಬಾಗಿಲಲ್ಲಿ ಎರಡು ಹೆಸರು, ನಡುವೆ ‘ವೆಡ್ಸ್’ ಎಂಬ ಇಂಗ್ಲಿಷ್ ಶಬ್ದ. ಒಳಗೆ ನಡೆಯುವುದು ಲಗ್ನ, ಹಂಚಿದ್ದು ಲಗ್ನಪತ್ರಿಕೆ, ಬೀಳುವುದು ಅಕ್ಕಿಕಾಳು. ಬಾಗಿಲಿಗೆ ಮಾತ್ರ ‘ವೆಡ್ಸ್’. ಇಂಗ್ಲಿಷರೂ ಆಡುಮಾತಿನಲ್ಲಿ ಇದನ್ನು ಅಷ್ಟಾಗಿ ಬಳಸುವುದಿಲ್ಲ. ಲ್ಯಾಟಿನ್ನಿನಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದ ‘ಮ್ಯಾರಿ’ ಅವರಿಗೆ ಸಾಕಾಗುತ್ತದೆ.

‘ವೆಡ್’ ಇಂಗ್ಲಿಷಿನ ಸ್ವಂತ ಪದ. ಹಳೆಯ ಇಂಗ್ಲಿಷಿನಲ್ಲಿ ‘ವೆಡ್’ ಎಂದರೆ ಮದುವೆಯಲ್ಲ, ಒತ್ತೆ. ಕೊಟ್ಟ ಮಾತಿಗೆ ಭದ್ರತೆಯಾಗಿ ಇಟ್ಟ ವಸ್ತು. ಜರ್ಮನ್ ಭಾಷೆಯಲ್ಲಿ ಇದೇ ಕುಲದ ‘ವೆಟ್ಟೆ’ ಎಂದರೆ ಪಂದ್ಯ. ಫ್ರೆಂಚಿಗೆ ಹೋಗಿ ‘ಗೇಜ್’ ಆಗಿ ಮರಳಿದ ಈ ಮೂಲದಿಂದಲೇ ನಿಶ್ಚಿತಾರ್ಥದ ‘ಎಂಗೇಜ್‌ಮೆಂಟ್’ ಬಂದಿದೆ. ಬ್ಯಾಂಕಿನಲ್ಲಿ ಹೊಲ ಒತ್ತೆಯಿಡುವ ‘ಮಾರ್ಟ್‌ಗೇಜ್’ ಬಂದಿದೆ. ಇಲ್ಲಿಯ ಕಾರ್ಖಾನೆಯ ಕಾರ್ಮಿಕರು ಎಣಿಸಿಕೊಳ್ಳುವ ‘ವೇಜ್’ ಕೂಡ ಬಂದಿದೆ. ಬೀಗರು, ಸಾಲಗಾರ, ಕೂಲಿಕಾರ ಒಂದೇ ಮನೆಯವರು! ‘ವೆಡ್‌ಲಾಕ್’ನಲ್ಲಿ ಬೀಗವಿದೆಯೆಂದು ನಗುವವರುಂಟು. ಅದು ಬೀಗವಲ್ಲ, ಆ ‘ಲಾಕ್’ ಕ್ರಿಯೆಯನ್ನು ಸೂಚಿಸುವ ಹಳೆಯ ಪ್ರತ್ಯಯ.

ಯಾರು ಯಾರಿಗೆ ಒತ್ತೆ ಇಡುತ್ತಿದ್ದರು? ಸುಮಾರು ಸಾವಿರ ವರ್ಷದ ಹಿಂದಿನ, ಹೆಣ್ಣನ್ನು ನಿಶ್ಚಯ ಮಾಡಿಕೊಳ್ಳುವ ಕ್ರಮ ಹೇಳುವ ಒಂದು ಇಂಗ್ಲಿಷ್ ಬರಹ ಉಳಿದುಬಂದಿದೆ. ಹೆಣ್ಣಿಗೂ ಅವಳ ಬಂಧುಗಳಿಗೂ ಒಪ್ಪಿಗೆಯಾದ ಮೇಲೆ, ಅವಳನ್ನು ಧರ್ಮದಂತೆ ಬಾಳಿಸುತ್ತೇನೆಂದು ಗಂಡೇ ಒತ್ತೆ ಕೊಡಬೇಕು. ಅವನ ಬಂಧುಗಳು ಜಾಮೀನು ನಿಲ್ಲಬೇಕು. ಅವನು ಮೊದಲು ಸತ್ತರೆ ಅವಳಿಗೆ ಏನು ಸಲ್ಲುತ್ತದೆಂಬುದನ್ನೂ ಹೇಳಿಬಿಡಬೇಕು. ಬೇರೆ ಒಡೆಯನ ಸೀಮೆಗೆ ಅವಳನ್ನು ಕರೆದೊಯ್ದರೆ, ಅಲ್ಲಿ ಅವಳಿಗೆ ಅನ್ಯಾಯವಾಗದೆಂಬ ಭರವಸೆ ತವರಿನವರಿಗೆ ಸಿಗಬೇಕು.

ಈ ಕೊನೆಯ ಮಾತು ತುಂಗಭದ್ರೆಯ ದಂಡೆಯವರಿಗೆ ಬೇಗ ಅರ್ಥವಾದೀತು. 1956ರ ನವೆಂಬರ್ 1ರವರೆಗೆ ಈಚೆ ದಂಡೆ ಮುಂಬಯಿ ರಾಜ್ಯ, ಎದುರಿನ ಹರಿಹರ ಮೈಸೂರು ರಾಜ್ಯ. ಹೊಳೆ ದಾಟಿದ ಹೆಣ್ಣು ರಾಜ್ಯವನ್ನೇ ದಾಟುತ್ತಿದ್ದಳು.

ನಮ್ಮಲ್ಲಿಯೂ ಹಲವು ಸಮುದಾಯಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ‘ತೆರ’ ಕೊಡುತ್ತಿದ್ದರು. ಅದೇನೂ ಹೆಣ್ಣಿಗೆ ಸಂದ ಗೌರವವೆಂದು ಹೊಗಳಬೇಕಾಗಿಲ್ಲ. ಹಣ ಹೋಗುತ್ತಿದ್ದದ್ದು ಹೆತ್ತವರ ಕೈಗೆ. ಆಮೇಲೆ ಹರಿವು ತಿರುಗಿತು. ಬಾಳಿಸುವ ಹೊಣೆ ಹೊರಬೇಕಾದ ಕಡೆಯವರೇ ಹಣ, ಬಂಗಾರ, ಬೈಕು ಕೇಳತೊಡಗಿದರು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೊಡುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದಿದೆ, ಯಾವ ಪಕ್ಷ ಕೊಟ್ಟರೂ ಸರಿ. ಶಿಕ್ಷೆ ಸಾಮಾನ್ಯವಾಗಿ 5 ವರ್ಷಕ್ಕೆ ಕಡಿಮೆಯಿಲ್ಲದ ಸೆರೆ. ಜೊತೆಗೆ 15,000 ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ, ಇವೆರಡರಲ್ಲಿ ಹೆಚ್ಚಿನದಕ್ಕೆ ಕಡಿಮೆಯಾಗದ ದಂಡ.

ಕರಾರಿನ ಮಾತು ಒಳಗಿನ ಕೋಣೆಯಲ್ಲಿ ಪಿಸುಮಾತಿನಲ್ಲಿ ಮುಗಿದಿರುತ್ತದೆ. ಗಂಡು ಇಡಬೇಕಾಗಿದ್ದ ಒತ್ತೆಯ ಹೆಸರು ಹೊರಬಾಗಿಲಲ್ಲಿ ದೀಪದ ಸರದ ನಡುವೆ ತೂಗುತ್ತಿರುತ್ತದೆ.