ಘ್ರಾಣೇಂದ್ರಿಯ



ಮೊನ್ನೆ ಒಬ್ಬ ವೃದ್ಧ ತಾಯಿ ಸೊಸೆಯೊಡನೆ ಮಠಕ್ಕೆ ಬಂದಿದ್ದರು. “ಬುದ್ಧೀ, ಅತ್ತೆ ಹಳಸಿದ ಸಾರನ್ನೇ ಮಕ್ಕಳಿಗೆ ಬಡಿಸಿದರು. ಹಾಲು ಸೀದರೂ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾರೆ” ಎಂದು ಸೊಸೆಯ ದೂರು. ಆ ತಾಯಿ ತಲೆ ತಗ್ಗಿಸಿ, “ಕೊರೋನಾ ಬಂದು ಹೋದಾಗಿನಿಂದ ನನಗೆ ವಾಸನೆಯೇ ಬರೋದಿಲ್ಲ, ಬುದ್ಧೀ” ಎಂದರು. ಮನೆಯಲ್ಲಿ ಏಕೆ ಹೇಳಲಿಲ್ಲವೆಂದು ಕೇಳಿದೆವು. ಇದೂ ಒಂದು ಕಾಯಿಲೆ ಅಂದರೆ ಯಾರು ನಂಬುತ್ತಾರೆ ಎಂದರು. ಕಣ್ಣಿಲ್ಲದವರನ್ನು ಕೈಹಿಡಿದು ನಡೆಸುತ್ತೇವೆ. ಘ್ರಾಣ ಹೋದವರ ಕಷ್ಟ ಹೊರಗೆ ಕಾಣುವುದಿಲ್ಲ.

ನಾವು ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದುವಾಗ, ಗಂಧವು ಪೃಥ್ವಿಯ ಗುಣ, ಅದನ್ನು ಗ್ರಹಿಸುವ ಇಂದ್ರಿಯ ಮೂಗಿನ ತುದಿಯಲ್ಲಿದೆ ಎಂದು ಬಾಯಿಪಾಠ ಮಾಡಿದ್ದೆವು. ಇಂದಿನ ವಿಜ್ಞಾನಿಗಳು ಅದು ತುದಿಯಲ್ಲಲ್ಲ, ಮೂಗಿನ ಒಳಗೆ ಮೇಲ್ಛಾವಣಿಯಲ್ಲಿದೆ ಎನ್ನುತ್ತಾರೆ. ನೋಡಿ ಹೇಳಿದವರ ಮಾತನ್ನು ಒಪ್ಪಲು ನಮಗೇನೂ ಸಂಕೋಚವಿಲ್ಲ. ಅಲ್ಲಿಂದ ಹೊರಟ ನವಿರಾದ ನರದ ಎಳೆಗಳು ಜರಡಿಯಂತಹ ಒಂದು ಎಲುಬಿನ ರಂಧ್ರಗಳಲ್ಲಿ ಹಾದು ಮಿದುಳನ್ನು ಸೇರುತ್ತವೆ. ವಾಸನೆಯನ್ನು ಹಿಡಿಯುವ ಗ್ರಾಹಕಗಳು ಮನುಷ್ಯನಲ್ಲಿ ಸುಮಾರು 400 ಬಗೆ. ಐವತ್ತರಷ್ಟು ಅಕ್ಷರಗಳು ಕೂಡಿ ಲೆಕ್ಕವಿಲ್ಲದ ಪದಗಳಾಗುವಂತೆ, ಹಲವು ಗ್ರಾಹಕಗಳು ಕೂಡಿ ಇದು ಮಲ್ಲಿಗೆ, ಇದು ಇಂಗು ಎಂಬ ಗುರುತಾಗುತ್ತದೆ. ಇವುಗಳ ವಂಶವಾಹಿಗಳನ್ನು 1991ರಲ್ಲಿ ತೋರಿಸಿಕೊಟ್ಟ ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ಬಂತು.

ನಮಗೆ ಸೋಜಿಗವೆನಿಸಿದ್ದು ಬೇರೆ. ಕಂಡದ್ದು ಕೇಳಿದ್ದು ಮಿದುಳಿನಲ್ಲಿ ಮೊದಲು ಥಲಾಮಸ್ ಎಂಬ ಕಟ್ಟೆಯನ್ನು ಹಾಯಬೇಕು. ವಾಸನೆಗೆ ಆ ಕಟ್ಟುಪಾಡಿಲ್ಲ. ಅಂಜಿಕೆ, ಹೇಸಿಗೆ, ನೆನಪುಗಳಿಗೆ ಸಂಬಂಧಿಸಿದ ಭಾಗಗಳಿಗೆ ಅದರ ದಾರಿ ಬಹಳ ಹತ್ತಿರ. ಹಳಸಿದ ಅನ್ನದ ಮುಚ್ಚಳ ತೆಗೆದೊಡನೆ, ವಿಚಾರ ಮಾಡುವ ಮೊದಲೇ ಮುಖ ಹಿಂದಕ್ಕೆ ಸರಿಯುತ್ತದಲ್ಲವೆ? ಮೊದಲ ಮಳೆಯ ಮಣ್ಣಿನ ವಾಸನೆಗೆ ಎಪ್ಪತ್ತರ ರೈತನೂ ಎದ್ದು ಕೂರಿಗೆಯ ಕಡೆ ನೋಡುತ್ತಾನೆ. ಎಲ್ಲವನ್ನೂ ಬುದ್ಧಿಯಿಂದಲೇ ಮಾಡುತ್ತೇವೆನ್ನುವವರು, ನಮ್ಮಂಥ ತರ್ಕ ಓದಿದವರೂ ಸೇರಿ, ಇದನ್ನು ಗಮನಿಸಬೇಕು.

ಆ ತಾಯಿಗೆ ಈ ಎಚ್ಚರಿಕೆ ಯಾವುದೂ ಇಲ್ಲ. ಊಟದಲ್ಲಿ ಉಪ್ಪು, ಹುಳಿ, ಖಾರ ತಿಳಿಯುತ್ತದೆ. ಒಗ್ಗರಣೆಯ ಘಮ ತಿಳಿಯದು. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲದಿರುವುದರಿಂದ, ಸೋರಿದರೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಬೆರೆಸಿರುತ್ತಾರೆ. ಅದೂ ಅವರಿಗೆ ತಿಳಿಯದು.

ಸೊಸೆಗೆ ಹೇಳಿದೆವು: “ಒಲೆ ಹಚ್ಚುವಾಗ ನೀನು ಹತ್ತಿರವಿರು ತಾಯಿ. ಉಳಿದ ಅಡುಗೆಯನ್ನು ನೀನೇ ಮೂಸಿ ನೋಡು. ಮೂಗಿನ ವೈದ್ಯರಿಗೆ ತೋರಿಸು. ಲವಂಗ, ನಿಂಬೆಯಂಥವನ್ನು ದಿನಕ್ಕೆರಡು ಬಾರಿ ಮೂಸಿಸಿ ಅಭ್ಯಾಸ ಮಾಡಿಸುತ್ತಾರೆ; ತಿಂಗಳುಗಟ್ಟಲೆ ಹಿಡಿದರೂ ಕೆಲವರಿಗೆ ಮರಳುತ್ತದೆ.”

ಹೊರಡುವಾಗ ಪ್ರಸಾದದ ಮಲ್ಲಿಗೆ ಕೊಟ್ಟೆವು. ಆ ತಾಯಿ ರೂಢಿಯಂತೆ ಮೂಗಿಗೆ ಹಿಡಿದರು. ಆಮೇಲೆ ಅದನ್ನು ಸೊಸೆಯ ಮುಡಿಗೆ ಸಿಕ್ಕಿಸಿದರು.