ಬೆಟ್ಟದ ದಾರಿಯೂ ಹಳೆಯ ಮೋಟಾರೂ



ಮುಂಡರಗಿ, ಶಿರಹಟ್ಟಿಗಳ ಕಡೆ ಕಪ್ಪತಗುಡ್ಡದ ಮಗ್ಗುಲಲ್ಲಿ ಸಂಚರಿಸುವ ನಾವು, ವಾಹನದ ಸತ್ತ್ವವು ಏರಿನಲ್ಲಿಯೇ ತಿಳಿಯುವುದೆಂಬುದನ್ನು ಬಲ್ಲೆವು. ಇಂಥ ಗುಡ್ಡಗಳು ಸಾಲುಗಟ್ಟಿ ಎದುರಾದರೆ ಹಳೆಯ ಮೋಟಾರಿನ ಗತಿಯೇನು?

1907ರ ಜೂನ್ 10ರಂದು ಐದು ಮೋಟಾರುಗಳು ಪೀಕಿಂಗ್ ನಗರದಿಂದ ಪ್ಯಾರಿಸಿಗೆ ಹೊರಟವು. ಇಟಲಿಯ ರಾಜಕುಮಾರ ಬೋರ್ಗೇಸೆಯು ಮೊದಲೇ ಕುದುರೆಯೇರಿ ಹೋಗಿ, ತನ್ನ ಗಾಡಿಯ ಅಗಲಕ್ಕೆ ಕತ್ತರಿಸಿದ ಬಿದಿರುಕೋಲಿನಿಂದ ಪರ್ವತದ ಇಕ್ಕಟ್ಟುಗಳನ್ನು ಅಳೆದು ಬಂದಿದ್ದನು. ಆದರೂ ಆ ದಾರಿಯಲ್ಲಿ ಗಾಡಿಯನ್ನು ಬಹುಮಟ್ಟಿಗೆ ಎಳೆದು ದಾಟಿಸಿದವರು ಹಗ್ಗ ಹಿಡಿದ ಕೂಲಿಯಾಳುಗಳು. ಮುಂದೆ ರಷ್ಯದಲ್ಲಿ ಮರದ ಗಾಲಿಯೊಂದು ಕೆಡಲು, ಹಳ್ಳಿಯ ಬಡಿಗನೊಬ್ಬನು ಕೊಡಲಿಯಿಂದಲೇ ಹೊಸತನ್ನು ಕೆತ್ತಿಕೊಟ್ಟನು. ಆಗಸ್ಟ್ 10ರಂದು ಬೋರ್ಗೇಸೆಯು ಎಲ್ಲರಿಗಿಂತ ಮೊದಲು ಪ್ಯಾರಿಸನ್ನು ಸೇರಿದನು.

1997ರಲ್ಲಿ ಅದೇ ನಗರಗಳ ನಡುವೆ ಹಳೆಯ ಮೋಟಾರುಗಳ ಪಂದ್ಯವು ಟಿಬೆಟ್ಟಿನ ಘಟ್ಟಗಳನ್ನು ದಾಟಿ, ನೇಪಾಳ, ಭಾರತಗಳ ಮೂಲಕ ನಡೆಯಿತು. ಗೆದ್ದುದು ಸರಳವಾದ ಕಟ್ಟಿನ ವಿಲ್ಲಿಸ್ ಜೀಪು.

ದಿನಗಟ್ಟಲೆ ನಡೆಯುವ ಇಂಥ ಪಂದ್ಯದಲ್ಲಿ ವೇಗಕ್ಕಿಂತ ಬಾಳಿಕೆಯೇ ಹೆಚ್ಚಿನದು. ಏರಿನಲ್ಲಿ ನೀರು ಕುದಿಯುವುದು. ಇಳಿಜಾರಿನಲ್ಲಿ ಬ್ರೇಕು ಕಾಯುವುದು. ಕೆಟ್ಟುದನ್ನು ದಾರಿಯಲ್ಲಿಯೇ ನೆಟ್ಟಗೆ ಮಾಡಬಲ್ಲವನಿಗೆ ಮಾತ್ರ ಮುಂದಿನ ಮಜಲು. ಲಕ್ಷ್ಮೇಶ್ವರದ ಎರೆಯ ನೆಲದಲ್ಲಿ ಚಕ್ಕಡಿಯ ಗಾಲಿಗೆ ಅರ ಕೂಡಿಸಿ ಹಳಿ ಕಟ್ಟಿದ ಬಡಿಗ ಕಮ್ಮಾರರೂ, ಗದಗ ಬೆಟಗೇರಿಯ ಮೋಟಾರು ರಿಪೇರಿಯವರೂ ಆ ರಷ್ಯದ ಬಡಿಗನ ವಿದ್ಯಾಬಂಧುಗಳೇ ಅಲ್ಲವೇ? ಗೆಲವಿನ ಹಾರವು ಗಾಡಿಯ ಒಡೆಯನ ಕೊರಳಿಗೆ ಬೀಳಲಿ. ಆದರೆ ಆ ಗಾಡಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ ಕೈಗಳನ್ನೂ ನಾವು ನೆನೆಯುವುದು ನ್ಯಾಯ.